ಮುಖ ಮಾತ್ರ ನಮ್ಮ ಹುಡುಗಿಯದು, ದೇಹ ಬೇರೆಯವರದು: ಇಂಥ ಡೀಪ್‌ಫೇಕ್ ವಿಡಿಯೊಗೆ ಕಾನೂನು ಅನ್ವಯಿಸುತ್ತದೆಯೇ?

ಖಂಡಿತ ಅನ್ವಯಿಸುತ್ತದೆ. ತೀರ್ಥಹಳ್ಳಿಯ ನಿಮ್ಮ ತಂಗಿಯ ಮದುವೆಮನೆ ಫೋಟೊದಿಂದ ಮುಖ ತೆಗೆದು ಅಶ್ಲೀಲ ವಿಡಿಯೊಗೆ ಅಂಟಿಸಿದ್ದಾರೆ ಎಂದು ಬರೆದಿದ್ದೀರಿ. ಇದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. ಮನೆಯವರು ಮೊದಲು ಅವಳಿಗೆ ಅದನ್ನು ಹೇಳಿ.

ಡೀಪ್‌ಫೇಕ್‌ಗೆಂದೇ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರಲ್ಲಿರುವ ಖಾಸಗಿತನದ 66ಇ ಕಲಂ ನಿಜವಾದ ದೇಹದ ಚಿತ್ರೀಕರಣವನ್ನು ಕುರಿತದ್ದು, ಆದ್ದರಿಂದ ಇಲ್ಲಿ ವಾದಕ್ಕೆ ಎಡೆಯಾಗುತ್ತದೆ. ಗಟ್ಟಿಯಾಗಿ ನಿಲ್ಲುವುದು ಅದೇ ಕಾಯ್ದೆಯ 67ಎ. ಲೈಂಗಿಕ ದೃಶ್ಯವನ್ನು ಪ್ರಕಟಿಸಿದರೆ ಅಥವಾ ರವಾನಿಸಿದರೆ ಮೊದಲ ಬಾರಿಗೇ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ದೃಶ್ಯ ಅಸಲಿಯೋ ನಕಲಿಯೋ ಎಂದು ಈ ಕಲಂ ಕೇಳುವುದಿಲ್ಲ. ಗ್ರೂಪಿನಲ್ಲಿ ಮುಂದೆ ಕಳಿಸಿದವರೂ ಸಿಕ್ಕಿಬೀಳುತ್ತಾರೆ. ಹುಡುಗಿಗೆ 18 ತುಂಬಿಲ್ಲದಿದ್ದರೆ ಮಕ್ಕಳ ಅಶ್ಲೀಲ ಚಿತ್ರಗಳಿಗೆಂದೇ ಇರುವ 67ಬಿ ಮತ್ತು ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆ ಕೂಡ ಬರುತ್ತವೆ.

ಸಿಟ್ಟಿನಲ್ಲಿ ಚಾಟ್ ಅಳಿಸಬೇಡಿ. ಕಳಿಸಿದವರ ನಂಬರು, ಗ್ರೂಪಿನ ಹೆಸರು, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು, ಲಿಂಕ್ ಬರೆದಿಟ್ಟುಕೊಳ್ಳಿ. ವಿಡಿಯೊವನ್ನು ಸಾಕ್ಷಿಗೆಂದು ನೆಂಟರಿಗೆ ಹಂಚಬೇಡಿ. ಜೊತೆಯಲ್ಲೇ ಆ ಜಾಲತಾಣಕ್ಕೂ ದೂರು ಕೊಡಿ: ತಿರುಚಿದ ಇಂಥ ಚಿತ್ರವನ್ನು 24 ಗಂಟೆಯೊಳಗೆ ತೆಗೆಯಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳೇ ವಿಧಿಸಿದ್ದವು, ಆಮೇಲಿನ ತಿದ್ದುಪಡಿ ಅದನ್ನು ಇನ್ನಷ್ಟು ಬಿಗಿ ಮಾಡಿದೆ.

ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಬಹುದು. ಅಷ್ಟು ದೂರ ಹೋಗಲಾಗದಿದ್ದರೆ ಹತ್ತಿರದ ಠಾಣೆಯೂ ದೂರು ದಾಖಲಿಸಲೇಬೇಕು, ವ್ಯಾಪ್ತಿಯ ನೆಪ ಹೇಳುವಂತಿಲ್ಲ. ತನಿಖೆ ಮಾತ್ರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ.