ಕಾರಿಲ್ಲದೆ ಐಫೆಲ್‌ನಲ್ಲಿ ಎರಡು ದಿನ: ಏನು ನೋಡಬಹುದು, ಎಲ್ಲಿ ನಡೆಯಬಹುದು?

ನೀವು ಕೇಳಿದ್ದು ಇಷ್ಟು: ಕಲೋನ್‌ನಲ್ಲಿ ಓದುತ್ತಿದ್ದೀರಿ, ಕಾರಿಲ್ಲ, ಪಶ್ಚಿಮ ಜರ್ಮನಿಯ ಗುಡ್ಡಗಾಡು ಸೀಮೆ ಐಫೆಲ್ ಕಡೆ ಎರಡು ದಿನ ಹೋಗಬೇಕು. ಮ್ಯಾಪ್ ತೆರೆದರೆ ‘ನಾಟೂರ್‌ಡೆಂಕ್‌ಮಾಲ್’ (ಪ್ರಕೃತಿ ಸ್ಮಾರಕ) ಎಂಬ ಗುರುತುಗಳು ರಾಶಿ ರಾಶಿ ಕಾಣುತ್ತವೆ, ಅವುಗಳಲ್ಲಿ ಯಾವುದನ್ನು ನೋಡಬೇಕು?

ನನ್ನ ಉತ್ತರ: ಆ ಗುರುತುಗಳ ಹಿಂದೆ ಓಡಬೇಡಿ. ಡೌನ್ ಎಂಬ ಸಣ್ಣ ಊರಲ್ಲಿ ಒಂದು ರಾತ್ರಿ ತಂಗಿ. ಮೊದಲ ದಿನ ಅಲ್ಲಿನ ಮೂರು ಮಾರ್‌ಗಳ (ಜ್ವಾಲಾಮುಖಿ ಸ್ಫೋಟದಿಂದಾದ ದುಂಡು ಕೆರೆಗಳ) ಸುತ್ತ ನಡೆಯಿರಿ, ಎರಡನೇ ದಿನ ಲೀಸರ್ ಹೊಳೆಯ ಪಕ್ಕ ಮಾಂಡರ್‌ಶೈಡ್‌ವರೆಗೆ ಹೋಗಿ. ನಾನು ಬಾನ್‌ನಲ್ಲಿರುವವನು, ರಜೆ ಸಿಕ್ಕಾಗೆಲ್ಲ ಈ ಕಡೆಗೇ ಹೋಗುವುದು. ಯಾರು ಕೇಳಿದರೂ ಇದನ್ನೇ ಹೇಳುತ್ತೇನೆ.

ಗುರುತುಗಳನ್ನು ನಂಬಬೇಡಿ ಅಂದಿದ್ದಕ್ಕೆ ಕಾರಣ ಇದೆ. ನಾಟೂರ್‌ಡೆಂಕ್‌ಮಾಲ್ ಅನ್ನುವುದು ಕಾನೂನಿನ ರಕ್ಷಣೆ. ಒಂದು ಹಳೇ ಮರ, ಒಂದು ಬಂಡೆ, ಒಂದು ಚಿಲುಮೆ, ಹೀಗೆ ಯಾವುದೋ ಒಂದನ್ನು, ಇಲ್ಲವೇ ಹೆಚ್ಚೆಂದರೆ 5 ಹೆಕ್ಟೇರ್ ಜಾಗವನ್ನು ಹಾಗೆ ಕಾಪಾಡುತ್ತಾರೆ. ನೋಡಲು ಎಷ್ಟು ಚೆಂದ ಎಂಬುದಕ್ಕೆ ಕೊಟ್ಟ ಅಂಕ ಅಲ್ಲ ಅದು. ಎರಡು ಬಸ್ಸು ಬದಲಿಸಿ ಹೋದರೆ ಹೊಲದ ಅಂಚಿನಲ್ಲಿ ಒಂದು ಲಿಂಡನ್ ಮರ, ಪಕ್ಕದಲ್ಲಿ ಹಸಿರು ಅಂಚಿನ ತಿಕೋನ ಫಲಕ, ಅಷ್ಟೇ ಇರಬಹುದು. ಮರ ನಿಜಕ್ಕೂ ಚೆನ್ನಾಗಿರುತ್ತದೆ, ಅದು ಬೇರೆ ಮಾತು. ಆದರೆ ಅದು ದಾರಿಯಲ್ಲಿ ಸಿಕ್ಕಾಗ ನಿಂತು ನೋಡುವಂಥದ್ದು, ಅದಕ್ಕಾಗಿಯೇ ಹೊರಡುವಂಥದ್ದಲ್ಲ.

ಈಗ ಮಾರ್ ವಿಷಯ. ನೆಲದಡಿಯಿಂದ ಮೇಲೇರುವ ಬಿಸಿ ಶಿಲಾರಸಕ್ಕೆ ಅಂತರ್ಜಲ ಸಿಕ್ಕಿದರೆ ನೀರು ತಟ್ಟನೆ ಹಬೆಯಾಗಿ ನೆಲವನ್ನೇ ಸಿಡಿಸುತ್ತದೆ. ಬಂಡೆ ಚೂರಾಗಿ ಹಾರಿ ಸುತ್ತ ಬೀಳುತ್ತದೆ, ಮೇಲಿನ ನೆಲ ಒಳಗೆ ಕುಸಿಯುತ್ತದೆ. ಉಳಿಯುವುದು ದುಂಡನೆಯ ಗುಂಡಿ. ಅದರಲ್ಲಿ ನೀರು ನಿಂತು ಕೆರೆಯಾದರೆ ಅದೇ ನಾವು ನೋಡುವ ಮಾರ್. ಹಾಗಾಗಿ ಇಲ್ಲಿ ಚೂಪು ತುದಿಯ, ಹೊಗೆಯಾಡುವ ಜ್ವಾಲಾಮುಖಿ ಹುಡುಕಬೇಡಿ. ತೀರಾ ಹಳೇ ಕಾಲದ್ದೂ ಅಲ್ಲ. ಹತ್ತಿರದ ಉಲ್ಮೆನ್ ಊರಿನ ಮಾರ್ ಹುಟ್ಟಿ ಸುಮಾರು 11,000 ವರ್ಷ ಆಗಿದೆ ಅಷ್ಟೇ. ಜರ್ಮನಿಯ ಜ್ವಾಲಾಮುಖಿಗಳಲ್ಲಿ ಅದೇ ಎಲ್ಲಕ್ಕಿಂತ ಕಿರಿಯದು. ಇಷ್ಟು ತಿಳಿದುಕೊಂಡು ಹೋದರೆ ಅದರ ಸೊಗಸು ಗೊತ್ತಾಗುತ್ತದೆ. ತಿಳಿಯದೆ ಹೋದರೆ ‘ಇದೇನು, ಬರೀ ಕೆರೆ ಅಲ್ವಾ’ ಅನಿಸುತ್ತದೆ. ನನ್ನ ಜೊತೆ ಬಂದವರಲ್ಲಿ ಹಾಗೆ ಅಂದವರೂ ಇದ್ದಾರೆ.

ಡೌನ್‌ನಿಂದ ದಕ್ಷಿಣಕ್ಕೆ ನಡೆದರೆ ಮೊದಲು ಸಿಗುವುದು ಗೆಮ್ಯುಂಡನ್ ಮಾರ್. ಸುತ್ತ ಕಡಿದಾದ ಇಳಿಜಾರು, ದಟ್ಟ ಕಾಡು, ಆಳ 38 ಮೀಟರ್. ಬೇಸಿಗೆಯಲ್ಲಿ ಟಿಕೆಟ್ ತೆಗೆದುಕೊಂಡು ಈಜಬಹುದು. ಅಲ್ಲಿಂದ ಮೇಲೆ ಹತ್ತಿದರೆ ಮೌಸೆಬರ್ಗ್ ಗುಡ್ಡ, ಅದರ ನೆತ್ತಿಯಲ್ಲಿ ಡ್ರಾಂಕೆ ಹೆಸರಿನ ಪುಟ್ಟ ಕಲ್ಲಿನ ಗೋಪುರ. ಅಡಾಲ್ಫ್ ಡ್ರಾಂಕೆ 1888ರಲ್ಲಿ ಐಫೆಲ್‌ಫರೈನ್ ಎಂಬ ಸಂಘ ಕಟ್ಟಿದವರು. ಆಗ ಈ ಸೀಮೆ ಎಷ್ಟು ಬಡವಾಗಿತ್ತೆಂದರೆ ಇದನ್ನು ‘ಪ್ರಷ್ಯದ ಸೈಬೀರಿಯ’ ಎಂದು ಕರೆಯುತ್ತಿದ್ದರು. ಚಳಿ, ಬಡ ಮಣ್ಣು, ಊರು ಬಿಟ್ಟು ಅಮೆರಿಕಕ್ಕೆ ಹೋಗುವ ಜನ. ಕಾಲುದಾರಿಗಳಿಗೆ ಗುರುತು ಹಾಕಿ ಹೊರಗಿನವರನ್ನು ಕರೆಯುವ ಕೆಲಸಕ್ಕೆ ಈ ಸಂಘ ಕೈ ಹಾಕಿತು. ಇವತ್ತು ಮರದ ಮೇಲಿನ ಬಣ್ಣದ ಗುರುತು ನೋಡಿಕೊಂಡು ಮೊಬೈಲ್ ಜೇಬಿನಲ್ಲಿಟ್ಟೇ ನಡೆಯಬಹುದು ಅಂದರೆ ಅದರ ಬೇರು ಅಲ್ಲಿದೆ.

ಗೋಪುರದಿಂದ ಇಳಿದರೆ ವೈನ್‌ಫೆಲ್ಡ್ ಮಾರ್. ಮೂರರಲ್ಲಿ ನನಗೆ ಇದೇ ಇಷ್ಟ. ಕಾಡಿಲ್ಲ, ಬೋಳು ದಿಣ್ಣೆ, ಕುರಿ ಮೇಕೆ ಮೇಯುತ್ತವೆ. ಮೇ ತಿಂಗಳ ಕೊನೆಗೆ ಹೋದರೆ ಗಿನ್‌ಸ್ಟರ್ ಪೊದೆಗಳು ಹಳದಿ ಹೂ ಬಿಟ್ಟಿರುತ್ತವೆ. ಇದಕ್ಕೆ ಟೋಟನ್‌ಮಾರ್, ಅಂದರೆ ಸತ್ತವರ ಮಾರ್, ಎಂಬ ಹೆಸರೂ ಇದೆ. ದಡದಲ್ಲಿದ್ದ ವೈನ್‌ಫೆಲ್ಡ್ ಎಂಬ ಊರು 16ನೇ ಶತಮಾನದಲ್ಲಿ ಖಾಲಿಯಾಯಿತು, ಪ್ಲೇಗ್ ಬಂದು ಹಾಗಾಯಿತು ಎನ್ನುತ್ತಾರೆ. ಪುಟ್ಟ ಚರ್ಚು ಮತ್ತು ಸ್ಮಶಾನ ಮಾತ್ರ ಉಳಿದಿವೆ. ಪಕ್ಕದ ಶಾಲ್ಕೆನ್‌ಮೆರೆನ್ ಊರಿನವರು ಈಗಲೂ ತಮ್ಮವರನ್ನು ಮಣ್ಣು ಮಾಡುವುದು ಅಲ್ಲೇ. ಹಾಗಾಗಿ ಸೆಲ್ಫಿ ಗಲಾಟೆ ಅಲ್ಲಿ ಬೇಡ. ಇಲ್ಲಿ ಈಜುವಂತಿಲ್ಲ.

ಚರ್ಚಿನ ಹತ್ತಿರದ ದಿಬ್ಬದ ಮೇಲೆ ಸ್ವಲ್ಪ ಹೊತ್ತು ನಿಲ್ಲಿ. ಒಂದು ಕಡೆ ವೈನ್‌ಫೆಲ್ಡ್, ಇನ್ನೊಂದು ಕಡೆ ಕೆಳಗೆ ಶಾಲ್ಕೆನ್‌ಮೆರೆನ್ ಮಾರ್. ನಡುವೆ ಇರುವುದು ಸಣ್ಣ ಏಣು. ಆದರೂ ಎರಡರ ನೀರಿನ ಮಟ್ಟದಲ್ಲಿ ಸುಮಾರು 60 ಮೀಟರ್ ವ್ಯತ್ಯಾಸ! ಒಂದೊಂದು ಸ್ಫೋಟ ಬೇರೆ ಬೇರೆಯಾಗಿ ತನ್ನದೇ ಗುಂಡಿ ತೋಡಿತು ಅನ್ನುವುದು ಪುಸ್ತಕ ಓದಿದರೆ ಅಷ್ಟು ಹೊಳೆಯುವುದಿಲ್ಲ, ಇಲ್ಲಿ ನಿಂತರೆ ಸುಮ್ನೆ ಕಣ್ಣಿಗೇ ಕಾಣುತ್ತದೆ. ಕೆಳಗಿನ ಊರಲ್ಲಿ ಕಾಫಿ ಕುಡಿದು ಡೌನ್‌ಗೆ ವಾಪಸು. ಎಲ್ಲಿ ತಿರುಗುತ್ತೀರಿ ಅನ್ನುವುದರ ಮೇಲೆ ಒಟ್ಟು ಹನ್ನೆರಡು ಕಿಲೋಮೀಟರ್ ಆಸುಪಾಸು.

ಎರಡನೇ ದಿನದ ದಾರಿ ಐಫೆಲ್‌ಸ್ಟೈಗ್ ಎಂಬ ಉದ್ದನೆಯ ಕಾಲುದಾರಿಯ ಒಂದು ತುಂಡು. ಇದು ಆಹೆನ್ ಬಳಿಯಿಂದ ಟ್ರಿಯರ್‌ವರೆಗೆ 313 ಕಿಲೋಮೀಟರ್, 15 ಹಂತ. ಡೌನ್‌ನಿಂದ ಮಾಂಡರ್‌ಶೈಡ್ ಹಂತ ಇಪ್ಪತ್ತು ಕಿಲೋಮೀಟರ್ ದಾಟುತ್ತದೆ, ಬೆಳಿಗ್ಗೆ ಬೇಗ ಹೊರಡಬೇಕು. ಎತ್ತರ ದೊಡ್ಡದಲ್ಲ. ಆದರೆ ಲೀಸರ್ ಕಣಿವೆಯ ಪಕ್ಕೆಯಲ್ಲಿ ದಾರಿ ಕಿರಿದು, ಏರು ಇಳಿತ ಮುಗಿಯುವುದೇ ಇಲ್ಲ, ಮಳೆ ಬಂದರೆ ಬೇರು ಕಲ್ಲು ಎಲ್ಲಾ ಜಾರುತ್ತವೆ. ಸ್ಪೋರ್ಟ್ಸ್ ಶೂ ಸಾಲದು. ಕೊನೆಗೆ ಮಾಂಡರ್‌ಶೈಡ್‌ನಲ್ಲಿ ಹೊಳೆಯ ಆಚೆ ಈಚೆ ಎರಡು ಪಾಳು ಕೋಟೆಗಳು ಎದುರುಬದುರು ನಿಂತಿವೆ. ಒಂದು ಟ್ರಿಯರ್‌ನ ಆರ್ಚ್‌ಬಿಷಪ್ಪರದ್ದು, ಇನ್ನೊಂದು ಮಾಂಡರ್‌ಶೈಡ್ ಪಾಳೇಗಾರರದ್ದು. ದಿನಾ ಬೆಳಿಗ್ಗೆ ಎದ್ದು ಕಿಟಕಿಯಲ್ಲಿ ಶತ್ರುವಿನ ಮುಖ ನೋಡುವ ಬಾಳು!

ಉಳಿದವು ಬೇಗ ಹೇಳಿಬಿಡುತ್ತೇನೆ. ವಾಲೆನ್‌ಬಾರ್ನ್ ಊರಿನಲ್ಲಿ ತಣ್ಣೀರಿನ ಗೀಸರ್ ಇದೆ. ನೆಲದಡಿಯ ಕಾರ್ಬನ್ ಡೈ ಆಕ್ಸೈಡ್ ಒತ್ತಡಕ್ಕೆ ಸುಮಾರು ಅರ್ಧ ಗಂಟೆಗೊಮ್ಮೆ ನೀರು ಉಕ್ಕುತ್ತದೆ, ಕೊಳೆತ ಮೊಟ್ಟೆಯ ವಾಸನೆ ಇದ್ದೇ ಇರುತ್ತದೆ. ಸ್ಟ್ರೋನ್ ಊರಲ್ಲಿ ಸುಮಾರು 5 ಮೀಟರ್ ಅಡ್ಡಗಲದ, 120 ಟನ್ ತೂಕದ ಲಾವಾ ಉಂಡೆ ಇದೆ. ಮಾಂಡರ್‌ಶೈಡ್ ಹತ್ತಿರ ವಿಂಡ್ಸ್‌ಬಾರ್ನ್ ಕೆರೆ ಮಾರ್ ಅಲ್ಲ, ಗುಡ್ಡದಂತೆ ಎದ್ದ ಜ್ವಾಲಾಮುಖಿಯ ಬಾಯೊಳಗೇ ನಿಂತ ನೀರು, ಮೊಣಕಾಲು ಗಟ್ಟಿ ಇದ್ದರೆ ಅದನ್ನೂ ಸೇರಿಸಿ. ನೋನ್ ಹತ್ತಿರದ ಡ್ರೈಮ್ಯೂಲೆನ್ ಜಲಪಾತದ ಫೋಟೋ ನೋಡಿ ಮರುಳಾಗಬೇಡಿ. ಜೋಗ ನೋಡಿದ ಕಣ್ಣಿಗೆ ಅದು ಮನೆಯ ನಲ್ಲಿ ಅಷ್ಟೇ. ಆದರೆ ನೀರಿನ ಸುಣ್ಣ ಪಾಚಿಯ ಮೇಲೆ ಕೂತು ಬಂಡೆ ಇಂದಿಗೂ ಬೆಳೆಯುತ್ತಿದೆ, ಆ ಕುತೂಹಲ ಇದ್ದವರಿಗೆ ಸರಿ. ಬಸ್ಸಿನಲ್ಲಿ ಮಾತ್ರ ಅಲ್ಲಿಗೆ ಹೋಗುವುದು ಕಷ್ಟ.

ಡೌನ್‌ಗೆ ಈಗ ರೈಲಿಲ್ಲ. ಗೆರೊಲ್‌ಸ್ಟೈನ್‌ನಿಂದ ಬಸ್ಸು ಹಿಡಿಯಬೇಕು. ಕಲೋನ್-ಗೆರೊಲ್‌ಸ್ಟೈನ್ ಹಳಿಗೆ 2021ರ ಜುಲೈ ಪ್ರವಾಹದಲ್ಲಿ ಭಾರಿ ಪೆಟ್ಟು ಬಿತ್ತು, ಅಲ್ಲಿ ಕೆಲಸ ನಡೆದಾಗ ರೈಲಿನ ಬದಲು ಬಸ್ಸು ಓಡಿಸುತ್ತಾರೆ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಆ್ಯಪ್‌ನಲ್ಲಿ ನೋಡಿಕೊಳ್ಳಿ. ನಿಮ್ಮ ಸೆಮಿಸ್ಟರ್ ಟಿಕೆಟ್ ಇಡೀ ದೇಶಕ್ಕೆ ನಡೆಯುವಂಥದ್ದಾದರೆ ಖರ್ಚೇ ಇಲ್ಲ. ಇಲ್ಲದಿದ್ದರೆ ಡಾಯ್ಚ್‌ಲಾಂಡ್‌ಟಿಕೆಟ್ ಎಂಬ ಇಡೀ ದೇಶದ ತಿಂಗಳ ಪಾಸು, 2026ರ ಜನವರಿಯಿಂದ ತಿಂಗಳಿಗೆ 63 ಯೂರೋ. ವೇಗದ ಐಸಿಇ ಬಿಟ್ಟು ಊರೂರಿನ ರೈಲು, ಬಸ್ಸು ಎಲ್ಲದಕ್ಕೂ ಆಗುತ್ತದೆ.

ಹಳ್ಳಿ ಕಡೆ ಭಾನುವಾರ ಅಂಗಡಿ ಮುಚ್ಚಿರುತ್ತದೆ, ವಾರದ ನಡುವೆ ಹೋಟೆಲ್‌ಗಳೂ ಒಂದೆರಡು ದಿನ ರಜೆ ಮಾಡುತ್ತವೆ. ಸಸ್ಯಾಹಾರಿಗಳಾದರೆ ಚಪಾತಿಯೋ ಪುಳಿಯೋಗರೆಯೋ ಕಟ್ಟಿಕೊಂಡು ಹೋಗುವುದೇ ವಾಸಿ. ಆಲೂಗಡ್ಡೆಯ ತಿಂಡಿ ಅಂತ ತರಿಸಿದರೂ ಒಳಗೆ ಹಂದಿಮಾಂಸದ ಚೂರು ಇರಬಹುದು, ಕೇಳಿ ನೋಡಿ. ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಹುಳ ಜಾಸ್ತಿ, ಅದು ಕಚ್ಚಿದರೆ ಲೈಮ್ ಎಂಬ ಕಾಯಿಲೆ ಬರಬಹುದು. ಉದ್ದ ಪ್ಯಾಂಟು ಹಾಕಿ, ಸಂಜೆ ಮೈ ಪೂರ್ತಿ ನೋಡಿಕೊಳ್ಳಿ. ಕಾಡಿನಲ್ಲಿ ಯಾರು ಬೇಕಾದರೂ ನಡೆಯಬಹುದು, ಆದರೆ ಮಾರ್‌ಗಳ ಸುತ್ತಿನ ರಕ್ಷಿತ ಜಾಗದಲ್ಲಿ ದಾರಿ ಬಿಟ್ಟು ಇಳಿಯುವುದು, ಟೆಂಟ್ ಹಾಕುವುದು, ಡ್ರೋನ್ ಹಾರಿಸುವುದು ಬೇಡ.

ಒಂದೇ ದಿನ ಸಿಕ್ಕಿದರೆ ಲೀಸರ್ ಬಿಟ್ಟು ಬರೀ ಮಾರ್‌ಗಳನ್ನು ನೋಡಿ. ಅಪ್ಪ ಅಮ್ಮ ಬಂದಾಗಲೂ ಅದೇ ಸಾಕು: ಶಾಲ್ಕೆನ್‌ಮೆರೆನ್ ಮಾರ್ ಸುತ್ತ ದಾರಿ ಹೆಚ್ಚುಕಡಿಮೆ ಸಮತಟ್ಟು, ಕೂರಲು ಬೆಂಚುಗಳೂ ಇವೆ.