ಹೆಬ್ಬೆರಳಿಗೆ ಸಿಗದ ಮೊದಲ ಸ್ಟಾಪ್

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ.)

"ನನ್ನ ಕೈ ಲ್ಯಾಬಿಗೆ ಹೇಳಿ ಮಾಡಿಸಿದ್ದಲ್ಲ ಮೇಡಂ." ಆಪ್ತಸಲಹೆಗೆಂದು ನನ್ನ ಬಳಿ ಬಂದ ವಿದ್ಯಾರ್ಥಿನಿ, ಕುರ್ಚಿಯಲ್ಲಿ ಕೂತ ಕೂಡಲೇ ಆಡಿದ ಮಾತಿದು. ಬಯೋಕೆಮಿಸ್ಟ್ರಿ ಪದವಿಯ ಎರಡನೇ ವರ್ಷ. ಥಿಯರಿಯಲ್ಲಿ ತರಗತಿಗೇ ಮುಂದು. ಆದರೆ ಪ್ರಾಕ್ಟಿಕಲ್ ಇರುವ ದಿನ ಬೆಳಿಗ್ಗೆಯಿಂದಲೇ ಹೊಟ್ಟೆ ತೊಳಸುತ್ತದೆ, ಕೈ ನಡುಗುತ್ತದೆ. ಎರಡು ಸಲ ಜ್ವರದ ನೆಪ ಹೇಳಿ ತಪ್ಪಿಸಿಕೊಂಡದ್ದೂ ಆಗಿದೆ. ಕೋರ್ಸ್ ಬಿಟ್ಟುಬಿಡಲೇ ಎಂದು ಕೇಳಲು ಬಂದಿದ್ದಳು.

ಆ ಮೊದಲ ಭೇಟಿಯಲ್ಲಿ ಎಡವಿದ್ದು ನಾನು. ಆತಂಕ ಎಂದು ಬರೆದುಕೊಂಡೆ, ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ, ಕಳಿಸಿದೆ. ವಾರ ಬಿಟ್ಟು ಬಂದವಳು, "ಉಸಿರು ಸರಿಯಾಗಿದೆ ಮೇಡಂ, ರೀಡಿಂಗ್ ಸರಿ ಬರ್ತಿಲ್ಲ" ಎಂದಳು. ನಗು ಬಂತು, ನಾಚಿಕೆಯೂ ಆಯಿತು. ಕೆಲಸ ಬಾರದೆ ಹುಟ್ಟಿದ ಭಯಕ್ಕೆ ಭಯದ ಔಷಧಿಯನ್ನಷ್ಟೇ ಕೊಟ್ಟಿದ್ದೆ.

ಲ್ಯಾಬಿನಲ್ಲಿ ಕಾಲಿಟ್ಟಾಗಿನಿಂದ ನಿನ್ನ ಕೈ ಏನೇನು ಮಾಡುತ್ತದೆ, ಒಂದೊಂದಾಗಿ ಹೇಳು ಎಂದೆ. ಆಗ ಹೊರಬಿತ್ತು. ಮೊದಲ ವರ್ಷವಿಡೀ ಜೊತೆಗಾರನೊಬ್ಬ ಪಿಪೆಟ್ (ದ್ರವವನ್ನು ಅಳತೆಯಷ್ಟೇ ಎಳೆದು ಹಾಕುವ ಸಾಧನ) ಹಿಡಿಯುತ್ತಿದ್ದ, ಈಕೆ ಲೆಕ್ಕ ಮಾಡಿ ರೆಕಾರ್ಡ್ ಬರೆಯುತ್ತಿದ್ದಳು. ಅವನ ಕೈ ಚುರುಕು, ಇವಳ ತಲೆ ಚುರುಕು, ಇಬ್ಬರಿಗೂ ಬೇಗ ಮುಗಿಯುತ್ತಿತ್ತು. ಈ ವರ್ಷ ಒಬ್ಬೊಬ್ಬರೇ ಮಾಡಬೇಕು. ಕೈ ಕೆಟ್ಟಿರಲಿಲ್ಲ, ಪಳಗಿರಲಿಲ್ಲ, ಅಷ್ಟೇ. ಇಂಥ ಜೋಡಿಗಳನ್ನು ಎಷ್ಟೋ ನೋಡಿದ್ದೇನೆ. ಒಳ್ಳೆಯ ಅಂಕಗಳ ಮರೆಯಲ್ಲಿ ಈ ಕೊರತೆ ವರ್ಷಗಟ್ಟಲೆ ಅಡಗಿ ಕೂರುತ್ತದೆ.

ಮೇಜಿನ ಮೇಲಿದ್ದ ಒತ್ತುವ ಪೆನ್ನು ಕೊಟ್ಟು, "ಇದೇ ಪಿಪೆಟ್ ಅಂದ್ಕೋ, ತೋರಿಸು" ಎಂದೆ. ಹೆಬ್ಬೆರಳಿನಿಂದ ಗುಂಡಿಯನ್ನು ಕೊನೆಯವರೆಗೂ ಒತ್ತಿ, ಪಟ್ಟನೆ ಬಿಟ್ಟಳು. ನನಗೆ ಆ ವಿದ್ಯೆ ಗೊತ್ತಿಲ್ಲ, ಆದ್ದರಿಂದ ಸುಮ್ಮನೆ ಕೇಳಿದೆ: ಎಲ್ಲಿವರೆಗೂ ಒತ್ತಬೇಕು? ವಿವರಿಸಲು ಶುರು ಮಾಡಿದಳು. ಮೈಕ್ರೋಪಿಪೆಟ್‌ನಲ್ಲಿ ಎರಡು ಸ್ಟಾಪ್, ಅಂದರೆ ಗುಂಡಿ ಒತ್ತುವಾಗ ತಡೆ ಸಿಗುವ ಎರಡು ಜಾಗ, ಇರುತ್ತವೆ. ಮೊದಲನೆಯದರವರೆಗೆ ಒತ್ತಿ, ತುದಿಗೆ ಸಿಕ್ಕಿಸಿದ ಟಿಪ್ಪನ್ನು ದ್ರವದೊಳಗೆ ಎರಡು ಮೂರು ಮಿಲಿಮೀಟರ್ ಅದ್ದಿ, ನಿಧಾನಕ್ಕೆ ಬಿಟ್ಟರೆ ಅಳತೆಯಷ್ಟೇ ಏರುತ್ತದೆ. ಎರಡನೆಯ ಸ್ಟಾಪ್ ಇರುವುದು ಹೊರಹಾಕುವಾಗ ಉಳಿದ ಹನಿಯನ್ನು ತಳ್ಳಲು. ಹೇಳುತ್ತಾ ಹೇಳುತ್ತಾ ಹೆಬ್ಬೆರಳು ಪೆನ್ನಿನ ಮೇಲೆ ನಿಂತಿತು. "ನಾನು ಎಳೆಯುವಾಗಲೂ ಕೆಲವು ಸಲ ಎರಡನೆಯದಕ್ಕೇ ಹೋಗ್ತಿದ್ದೀನಿ ಅನ್ಸುತ್ತೆ ಮೇಡಂ."

ಹಿಂದೆ ಯಾರೋ ಪಿಪೆಟ್‌ಗೆ ಕಾಯುತ್ತಿರುತ್ತಾರೆ, ಇವಳು ಅವಸರದಲ್ಲಿ ಒತ್ತುತ್ತಾಳೆ, ಮೊದಲ ಸ್ಟಾಪಿನ ಸಣ್ಣ ತಡೆ ಬೆರಳಿಗೆ ತಿಳಿಯುವುದೇ ಇಲ್ಲ. ಒಂದು ಟ್ಯೂಬಿಗೆ ಸರಿಯಾಗಿ ಬಿದ್ದರೆ ಇನ್ನೊಂದಕ್ಕೆ ಹೆಚ್ಚು. ಗ್ರಾಫಿನ ಚುಕ್ಕಿಗಳು ಚೆಲ್ಲಾಪಿಲ್ಲಿಯಾಗದೆ ಇನ್ನೇನು?

ನಾನು ಕೊಟ್ಟ ಸಲಹೆಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಒಂದು, ಅದೂ ಆಕೆಯ ಮೇಷ್ಟರನ್ನು ಕೇಳಿ ಬಾ ಎಂದು ಕಳಿಸಿದ್ದರಿಂದ ಸಿಕ್ಕಿದ್ದು. ಲ್ಯಾಬ್ ಖಾಲಿ ಇರುವ ಹೊತ್ತಲ್ಲಿ, ಯಾರೂ ಕಾಯದಿರುವಾಗ, ತಕ್ಕಡಿಯ ಮೇಲೆ ಪುಟ್ಟ ಬಟ್ಟಲಿಟ್ಟು, 100 ಮೈಕ್ರೋಲೀಟರ್ ನೀರನ್ನು ಹತ್ತು ಸಲ ಹಾಕಿ ತೂಗುವುದು. ಒಂದು ಮೈಕ್ರೋಲೀಟರ್ ನೀರಿಗೆ ಹೆಚ್ಚು ಕಡಿಮೆ ಒಂದು ಮಿಲಿಗ್ರಾಂ ತೂಕ, ಹಾಗಾಗಿ ಪ್ರತಿ ಸಲ 0.1 ಗ್ರಾಂ ಆಸುಪಾಸು ಬರಬೇಕು. ಇದರಲ್ಲಿ ಅಂಕವಿಲ್ಲ, ವೈವಾ (ಮೌಖಿಕ ಪರೀಕ್ಷೆ) ಇಲ್ಲ, ತಕ್ಕಡಿ ಗೊಣಗುವುದೂ ಇಲ್ಲ. ಮೊದಲ ದಿನ ಹತ್ತರಲ್ಲಿ ಮೂರು ತೂಕ ದಾರಿ ತಪ್ಪಿದ್ದವು. ಎರಡು ವಾರ ದಿನಕ್ಕೆ ಹದಿನೈದು ನಿಮಿಷ ಮಾಡಿದ ಮೇಲೆ ಹತ್ತೂ ಒಂದೇ ಕಡೆ ಗುಂಪಾದವು. ಆ ಹಾಳೆಯನ್ನು ನನಗೆ ತೋರಿಸಲೆಂದೇ ಮಡಚಿ ತಂದಿದ್ದಳು. ಹೊಟ್ಟೆ ತೊಳಸುವುದು ಎಷ್ಟು ಕಡಿಮೆಯಾಗಿದೆ ಎಂದು ಆ ದಿನ ನಾನು ಕೇಳಲೂ ಇಲ್ಲ.

ಆದರೆ ಮೂರನೇ ಭೇಟಿಯಲ್ಲಿ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಬ್ರಾಡ್‌ಫರ್ಡ್ ವಿಧಾನದಲ್ಲಿ ಪ್ರೋಟೀನ್ ಅಳೆಯುವ ಪ್ರಯೋಗ. ಕಂದು ಬಣ್ಣದ ದ್ರಾವಣ ಪ್ರೋಟೀನ್ ಸೇರಿದಂತೆ ನೀಲಿಯಾಗುತ್ತದೆ, ಆ ನೀಲಿಯನ್ನು 595 ನ್ಯಾನೋಮೀಟರ್‌ನಲ್ಲಿ ಓದಬೇಕು. ಗ್ರಾಫಿನಲ್ಲಿ ಆಕೆಯ ಕೊನೆಯ, ಅಂದರೆ ಹೆಚ್ಚು ಪ್ರೋಟೀನಿನ, ಚುಕ್ಕಿ ಸದಾ ಗೆರೆಗಿಂತ ಕೆಳಗೆ ಬೀಳುತ್ತಿತ್ತು. ಸರಳರೇಖೆ ಬರಲಿಲ್ಲವೆಂದು ಆ ರೀಡಿಂಗನ್ನು ತಿದ್ದಿ ಬರೆದಿದ್ದಳು. ಇದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.

ಬೈಯಲಿಲ್ಲ. ತಿದ್ದಿದ್ದು ತಪ್ಪು ಎಂದು ಆಕೆಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಮೂಲ ರೀಡಿಂಗ್ ಇದೆಯೇ ಎಂದೆ, ಕರಡು ಪುಸ್ತಕದಲ್ಲಿತ್ತು. ಅದನ್ನೇ ಹಿಡಿದು ಮೇಷ್ಟರ ಬಳಿ ಹೋಗು, ತಿದ್ದಿದ್ದನ್ನೂ ಹೇಳು ಎಂದೆ. ಮೂರು ದಿನ ಹಿಂದೆಮುಂದೆ ನೋಡಿ ಹೋದಳು. ಅವರು ಕೊಟ್ಟ ಉತ್ತರ ನನಗೂ ಹೊಸದು: ಈ ವಿಧಾನದಲ್ಲಿ ಪ್ರೋಟೀನ್ ಹೆಚ್ಚಾದಂತೆ ಗೆರೆ ತಾನಾಗಿ ಬಾಗುತ್ತದೆ, ಬಣ್ಣದ ಗುಣವೇ ಅದು. ಎಂದರೆ ಆಕೆ ನಾಚಿಕೊಂಡು ಅಳಿಸಿದ ರೀಡಿಂಗ್ ಪ್ರಾಯಶಃ ಇಡೀ ಪುಟದಲ್ಲೇ ಹೆಚ್ಚು ಪ್ರಾಮಾಣಿಕವಾದದ್ದು! ರೆಕಾರ್ಡನ್ನು ಮತ್ತೆ ಬರೆಸಿದರು, ಅಂಕ ಕಡಿತ ಮಾಡಿದರು. ಎರಡೂ ಸರಿಯೆನಿಸಿತು ನನಗೆ.

ಅಲ್ಲಿಂದ ಮುಂದೆ ಒಂದು ಕರಾರು ಮಾಡಿಕೊಂಡೆವು. ತಪ್ಪಿದ್ದನ್ನು ಅಳಿಸುವಂತಿಲ್ಲ. ಓದಲು ಬರುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಏನಾಯಿತೆಂದು ಬರೆಯಬೇಕು: "ಟಿಪ್ಪಿನಲ್ಲಿ ಗುಳ್ಳೆ", "ಕ್ಯುವೆಟ್‌ನ ಮಬ್ಬು ಬದಿ ಬೆಳಕಿಗೆ ಎದುರಾಗಿತ್ತು" (ದ್ರಾವಣ ತುಂಬಿ ಬೆಳಕಿಗೆ ಒಡ್ಡುವ ಪುಟ್ಟ ಪಾತ್ರೆಯೇ ಕ್ಯುವೆಟ್), "ಬ್ಲಾಂಕ್ ಇಡಲು ಮರೆತೆ" (ಹೋಲಿಕೆಗೆಂದು ಇಡುವ, ಪ್ರೋಟೀನ್ ಇಲ್ಲದ ದ್ರಾವಣ). ಹಿಂದಿನ ರಾತ್ರಿ ಪ್ರಯೋಗದ ಹೆಜ್ಜೆಗಳನ್ನು ಪುಸ್ತಕ ನೋಡದೆ ತನ್ನದೇ ಚಿತ್ರದಲ್ಲಿ ಬಿಡಿಸಿಕೊಂಡು ಹೋಗುವುದನ್ನೂ ಸೂಚಿಸಿದೆ. ಒಂದೆರಡು ಸಲ ಮಾಡಿ ಬಿಟ್ಟಳು. ಬಿಡಲಿ.

ಈಗ ಐದು ಭೇಟಿ ಮುಗಿದಿವೆ. ಕೋರ್ಸ್ ಬಿಡುವ ಮಾತು ನಿಂತಿದೆ. ವೈವಾದಲ್ಲಿ ಸ್ವರ ಇನ್ನೂ ನಡುಗುತ್ತದೆ. ಜೆಲ್‌ನ (ಡಿಎನ್ಎಯಂಥ ಅಣುಗಳನ್ನು ಬೇರ್ಪಡಿಸಲು ಬಳಸುವ ಮೆತ್ತನೆಯ ಹಲಗೆ) ಕಿರಿದಾದ ಕುಳಿಗಳಿಗೆ ಸ್ಯಾಂಪಲ್ ತುಂಬುವುದಂತೂ ದೊಡ್ಡ ಭಯ. ಟಿಪ್ಪನ್ನು ಆಳಕ್ಕೆ ಇಳಿಸಿದರೆ ಕುಳಿ ಹರಿದು ತೂತಾಗುತ್ತದೆ, ಮೇಲೆಯೇ ಹಿಡಿದರೆ ಬಣ್ಣ ಪಕ್ಕದ ಕುಳಿಗೆ ಸೋರಿಬಿಡುತ್ತದೆ. ಬಳಸಿ ಬಿಟ್ಟ ಅಗರೋಸ್ ಜೆಲ್ ಒಂದನ್ನು ಬಫರ್ ದ್ರಾವಣದಲ್ಲಿ ಮುಳುಗಿಸಿಟ್ಟು, ಬರಿಯ ಲೋಡಿಂಗ್ ಡೈ (ಸ್ಯಾಂಪಲ್ಲಿಗೆ ಬೆರೆಸುವ ಬಣ್ಣ) ತುಂಬಿ ಅಭ್ಯಾಸ ಮಾಡಲು ಮೇಷ್ಟರು ಒಪ್ಪಿದ್ದಾರೆ. ಡೈಯಲ್ಲಿ ಭಾರವಾದ ಗ್ಲಿಸರಾಲ್ ಇರುವುದರಿಂದ ಅದು ತಾನಾಗಿಯೇ ತಳಕ್ಕಿಳಿಯುತ್ತದೆ, ತಳ್ಳುವ ಕೆಲಸ ನಿನ್ನದಲ್ಲ ಎಂದರಂತೆ. ಕಳೆದ ವಾರ ಎಂಟು ಕುಳಿಗಳಲ್ಲಿ ಐದು ತುಂಬಿದಳು. ಆರನೆಯದು ಹರಿಯಿತು. ಪುಸ್ತಕದಲ್ಲಿ ಹಾಗೆಯೇ ಬರೆದಿದ್ದಾಳೆ: "6 ಹರಿಯಿತು. ಮೊಣಕೈ ಮೇಜಿಗೆ ಊರಿರಲಿಲ್ಲ."