ಶ್ರೌಡ್ ತಂತಿಯ ದಪ್ಪಕ್ಕೆ ಹಾಯಿ ನೋಡಬೇಡಿ, ದೋಣಿ ನೋಡಿ
30 ಅಡಿಯ ರೇಸಿಂಗ್ ಯಾಟ್‌ಗೆ (ಪಂದ್ಯದ ಹಾಯಿದೋಣಿಗೆ) ಹಾಯಿಯ ವಿಸ್ತೀರ್ಣದಿಂದ ಶ್ರೌಡ್, ಅಂದರೆ ಹಾಯಿಕಂಬವನ್ನು ಅಕ್ಕಪಕ್ಕದಿಂದ ಎಳೆದು ಹಿಡಿಯುವ ತಂತಿಯ ದಪ್ಪ ಲೆಕ್ಕ ಹಾಕಬಹುದಾ ಅಂತ ಕೇಳಿದ್ದೀರಿ. ಬೇಡ. ಹಾಯಿ ಎಷ್ಟೇ ದೊಡ್ಡದಿರಲಿ, ದೋಣಿ ವಾಲಿದಂತೆ ಗಾಳಿ ಜಾರಿಹೋಗುತ್ತದೆ, ತಂತಿಯ ಮೇಲೆ ಬೀಳುವ ಎಳೆತವನ್ನು ಮುಖ್ಯವಾಗಿ ನಿರ್ಧರಿಸುವುದು ವಾಲಿದ ದೋಣಿ ಮತ್ತೆ ನೇರವಾಗಲು ಹಾಕುವ ಬಲ.

ಅದನ್ನು ಅಳೆಯೋದು ಸುಲಭ. ಕಾರವಾರದ ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ, ಕಡಲಗಾಳಿ ಏಳುವ ಮೊದಲು, ನೀರು ಸುಮ್ನೆ ಮಲಗಿರುತ್ತದಲ್ವಾ, ಆಗ ನಾಲ್ಕು ಜನರನ್ನು ಒಂದೇ ಅಂಚಿಗೆ ನಿಲ್ಲಿಸಿ, ತೂಗುಗುಂಡು ಕಟ್ಟಿ ದೋಣಿ ಎಷ್ಟು ಡಿಗ್ರಿ ವಾಲಿತು ನೋಡಿ. ಉದಾಹರಣೆಗೆ ನಾಲ್ವರದೂ ಸೇರಿ 280 ಕೆ.ಜಿ. ತೂಕ, ನಡುಗೆರೆಯಿಂದ 1.4 ಮೀಟರ್ ದೂರ, ವಾಲಿದ್ದು 5 ಡಿಗ್ರಿ. ತೂಕವನ್ನು ದೂರದಿಂದ ಗುಣಿಸಿ 5ರಿಂದ ಭಾಗಿಸಿದರೆ ಡಿಗ್ರಿಗೆ ಸುಮಾರು 78 ಕೆ.ಜಿ.-ಮೀಟರ್. 30 ಡಿಗ್ರಿಗೆ ಸುಮಾರು 2,350. ಶ್ರೌಡ್ ಬುಡ ಮಾಸ್ಟ್‌ನಿಂದ (ಹಾಯಿಕಂಬದಿಂದ) 1.4 ಮೀಟರ್ ದೂರವಿದ್ದರೆ ಭಾಗಿಸಿ, ಸುಮಾರು 1,680 ಕೆ.ಜಿ. ಎಳೆತ. ಕಡಲಿಗೆ ಹೋಗುವವರು ಇದರ ಮೂರು ಪಟ್ಟು ಎಳೆತ ತಾಳುವಷ್ಟು ದಪ್ಪದ ತಂತಿ ಇಟ್ಟುಕೊಳ್ಳಿ. ಇದು ಅಂದಾಜು ಅಷ್ಟೇ, ಕೊನೆಯ ಲೆಕ್ಕ ರಿಗ್ಗರ್ (ಹಾಯಿಕಂಬ, ತಂತಿ ಕಟ್ಟುವ ತಜ್ಞ) ಹತ್ತಿರ ಮಾಡಿಸಿ.

ಇನ್ನೊಂದು, ತಂತಿ ಹೊರಗೆ ಹೊಳೆಯುತ್ತಿದ್ದರೆ ನಂಬಬೇಡಿ. ನನ್ನ ತಂತಿಯಲ್ಲಿ ತುದಿಗೆ ಕೂರಿಸಿದ ಲೋಹದ ಕೊಳವೆಯೊಳಗೆ ಉಪ್ಪುನೀರು ನಿಂತು ತುಕ್ಕು ಹಿಡಿದಿತ್ತು, ಎರಡು ಎಳೆ ತುಂಡಾದ ಮೇಲೇ ಗೊತ್ತಾಗಿದ್ದು.